ಮನೆಯ ಮುಂದಿನ ಹುಲ್ಲುಹಾಸು ಕತ್ತರಿಸಲು ಯಾರನ್ನು ಕರೆಯಬೇಕು? ಹುಬ್ಬಳ್ಳಿ-ಧಾರವಾಡದವರು ದಯವಿಟ್ಟು ತಿಳಿಸಿ

ವಿದ್ಯಾನಗರದ ಮನೆಮಗಳು · ಜೂನ್ 20, ಬೆಳಿಗ್ಗೆ 8.10

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಮನೆ. ಮುಂದೆ ಸುಮಾರು 900 ಚದರ ಅಡಿ ಹುಲ್ಲುಹಾಸು. ಅಪ್ಪ ನಿವೃತ್ತರಾದ ವರ್ಷ ಊರಿನ ಹೊಲದ ಬದುವಿನಿಂದ ಗರಿಕೆಯ ಬೇರು ತಂದು, ಗೇಣಿಗೊಂದರಂತೆ ನೆಟ್ಟು ಬೆಳೆಸಿದ್ದು. ಅವರು ಈಗಿಲ್ಲ. ಅವ್ವ ಇವತ್ತಿಗೂ ಬೆಳಗಿನ ಚಹಾ ಕುಡಿಯುವುದು ಆ ಹುಲ್ಲಿನ ಅಂಚಿನ ಕಟ್ಟೆಯ ಮೇಲೆ ಕುಳಿತು.

ಇಪ್ಪತ್ತು ವರ್ಷ ಅದನ್ನು ನೋಡಿಕೊಂಡವರು ಕಲಘಟಗಿ ಕಡೆಯ ಒಬ್ಬ ಮಾಲಿ ಅಜ್ಜ. ಕೈಯಿಂದ ತಳ್ಳುವ ಒಂದು ಯಂತ್ರ, ಅಂಚಿಗೆ ಕುಡುಗೋಲು, ಕಳೆಗೆ ಕುರ್ಚಿಗಿ. ಇಷ್ಟೇ ಅವರ ಸಾಮಾನು. ಮೊಣಕಾಲು ನೋವಿನಿಂದ ಕೂರಲು ಆಗುವುದಿಲ್ಲ ಎಂದು ಎರಡು ವರ್ಷದ ಹಿಂದೆ ಊರಿಗೆ ಹೋದರು.

ಕಳೆದ ಜುಲೈನಲ್ಲಿ ಮೊಬೈಲ್‌ನಲ್ಲಿ ಹುಡುಕಿ ಒಬ್ಬರನ್ನು ಕರೆಸಿದೆ. ಇಬ್ಬರು ಹುಡುಗರು ಬ್ರಷ್ ಕಟರ್ (ಉದ್ದ ಕೋಲಿನ ತುದಿಯಲ್ಲಿ ನೈಲಾನ್ ದಾರ ತಿರುಗಿ ಕತ್ತರಿಸುವ ಯಂತ್ರ) ಹೆಗಲಿಗೇರಿಸಿಕೊಂಡು ಬಂದರು, ನಲವತ್ತು ನಿಮಿಷದಲ್ಲಿ ಮುಗಿಸಿದರು. ಗೇಣುದ್ದ ಬೆಳೆದಿದ್ದ ಹುಲ್ಲು ಅವರು ಹೋದ ಮೇಲೆ ಮಣ್ಣಿಗೆ ಅಂಟಿಕೊಂಡಿತ್ತು. ಒಂದು ಕಲ್ಲು ಸಿಡಿದು ಪಕ್ಕದ ಮನೆಯ ಕಾರಿನ ಗಾಜು ಸೀಳಿತು, ಅದರ ಖರ್ಚನ್ನು ನಾವೇ ಕೊಟ್ಟೆವು. ಹದಿನೈದು ದಿನಕ್ಕೆ ಅಂಗಳ ಹಸಿರಾಯಿತು, ಆದರೆ ಹತ್ತಿರ ಹೋಗಿ ನೋಡಿದರೆ ಅರ್ಧಕ್ಕರ್ಧ ಜೇಕು ಎಂಬ ಕಳೆ. ಅವ್ವ ಏನೂ ಅನ್ನಲಿಲ್ಲ. ಆದರೆ ಒಂದು ವಾರ ಚಹಾ ಒಳಗೇ ಕುಡಿದಳು.

ಈ ಸಲ ಮೃಗಶಿರಾ ಮಳೆ ಚೆನ್ನಾಗಿ ಬಿದ್ದಿದೆ, ಹುಲ್ಲು ಎದ್ದಿದೆ. ಮೂವರನ್ನು ವಿಚಾರಿಸಿದ್ದೇನೆ:

ಒಬ್ಬರು ಒಂದು ಸಲಕ್ಕೆ 600 ರೂಪಾಯಿ ಎನ್ನುತ್ತಾರೆ. ಎರಡನೆಯವರು ತಿಂಗಳಿಗೆ 1,500, ಎರಡು ಸಲ ಬರುತ್ತಾರೆ. ಮೂರನೆಯವರು ವರ್ಷಕ್ಕೆ 14,000, ಪೂರ್ತಿ ಮುಂಗಡ, ಗೊಬ್ಬರ ಮತ್ತು ಕಳೆನಾಶಕ ಅದರಲ್ಲೇ ಸೇರಿದೆ.

ದರ ನೋಡಿ ಆರಿಸಿ ಒಮ್ಮೆ ಕೆಟ್ಟಿದ್ದೇನೆ. ದರವನ್ನು ಬಿಟ್ಟು ಇನ್ನೇನು ಕೇಳಬೇಕು, ಏನು ನೋಡಬೇಕು? ಅಪ್ಪ ನೆಟ್ಟ ಹುಲ್ಲು ಉಳಿಯಬೇಕು ಎನ್ನುವುದೊಂದೇ ನನ್ನ ಆಸೆ.

ಕೇಶ್ವಾಪುರದವರು · ಜೂನ್ 20, ಬೆಳಿಗ್ಗೆ 9.02

ವರ್ಷದ ಹಣವನ್ನು ಮುಂಗಡ ಕೊಡಬೇಡಿ ಮೇಡಂ. ನಾವು ಎರಡು ವರ್ಷದ ಹಿಂದೆ ಒಬ್ಬರಿಗೆ ಪೂರ್ತಿ ಕೊಟ್ಟೆವು. ಜೂನ್, ಜುಲೈ ಬಂದರು. ಆಗಸ್ಟ್‌ನಿಂದ ಫೋನ್ ಎತ್ತಲಿಲ್ಲ. ದಸರೆಗೆ ನೆಂಟರು ಬರುವ ಹೊತ್ತಿಗೆ ಅಂಗಳದಲ್ಲಿ ಮೊಣಕಾಲುದ್ದ ಕಾಂಗ್ರೆಸ್ ಕಸ (ಪಾರ್ಥೇನಿಯಂ ಕಳೆ) ನಿಂತಿತ್ತು.

ಮುಳಗುಂದ ನಾಕಾ, ಗದಗ · ಜೂನ್ 20, ಮಧ್ಯಾಹ್ನ 1.25

ಅಕ್ಕಾವರೆ, ನಿಮ್ಮ ಪ್ರಶ್ನೆಗೆ ನೇರ ಉತ್ತರವಲ್ಲ ಇದು, ಆದರೂ ಹೇಳಬೇಕು ಅನ್ನಿಸಿತು. ಕತ್ತರಿಸುವವರನ್ನು ಹುಡುಕುವ ಮೊದಲು ಎಷ್ಟು ಹುಲ್ಲು ಬೇಕು ಎಂದು ನಿರ್ಧರಿಸಿ.

ನಮ್ಮಲ್ಲಿ ತುಂಗಭದ್ರೆಯ ನೀರು ದಿನ ಬಿಟ್ಟು ದಿನ ಬಂದರೆ ಹಬ್ಬ. ನಿಮಗೆ ಮಲಪ್ರಭೆಯ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಯೋ ನೀವೇ ಬಲ್ಲಿರಿ. ಒಂದು ಲೆಕ್ಕ ಹಾಕಿ. 900 ಚದರ ಅಡಿ ಎಂದರೆ ಹೆಚ್ಚುಕಡಿಮೆ 84 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬೇಸಿಗೆಯಲ್ಲಿ ಬೇರಿಗೆ ಇಳಿಯುವಂತೆ 25 ಮಿಲಿಮೀಟರ್ ಕೊಡಬೇಕಾದರೆ ಒಂದೇ ಸಲಕ್ಕೆ 2,100 ಲೀಟರ್ ಬೇಕು. ಮಾಳಿಗೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕ್ ಎರಡು ಸಲ ಖಾಲಿ.

ನಾನು 1,200 ಚದರ ಅಡಿ ಹುಲ್ಲು ಇಟ್ಟಿದ್ದೆ. ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿ ಹುಲ್ಲಿಗೆ ನೀರು ಬಿಡುತ್ತಿದ್ದಾಗ ಎದುರು ಮನೆಯ ಹೆಂಗಸು ಕೊಡ ಹಿಡಿದು ಬಂದು ನಿಂತರು. ಅಂದೇ ತೀರ್ಮಾನಿಸಿದೆ. ಈಗ ಬಾಗಿಲ ಮುಂದೆ 200 ಚದರ ಅಡಿ ಮಾತ್ರ ಉಳಿಸಿಕೊಂಡಿದ್ದೇನೆ. ಉಳಿದ ಕಡೆ ದಾಸವಾಳ, ಕಣಗಿಲೆ, ಕರಿಬೇವು. ಕುಡುಗೋಲಿನಿಂದ ನಾನೇ ಕತ್ತರಿಸುತ್ತೇನೆ.

ವಿದ್ಯಾನಗರದ ಮನೆಮಗಳು · ಜೂನ್ 20, ಮಧ್ಯಾಹ್ನ 2.40

ಅಣ್ಣಾವರೆ, ನಿಮ್ಮ ಮಾತು ಮನಸ್ಸಿಗೆ ತಾಗಿತು. ನಾವು ಬೇಸಿಗೆಯಲ್ಲಿ ಕುಡಿಯುವ ನೀರು ಬಿಡುವುದಿಲ್ಲ. ಬಟ್ಟೆ ಅಲುಬಿದ ಕಡೆಯ ನೀರನ್ನು ಬಕೆಟ್‌ನಲ್ಲಿ ತಂದು ಕಟ್ಟೆಯ ಪಕ್ಕದ ಪಟ್ಟಿಗೆ ಮಾತ್ರ ಹಾಕುತ್ತೇವೆ. ಉಳಿದದ್ದು ಮೇ ತಿಂಗಳಲ್ಲಿ ಒಣಗಿ ಕಂದಾಗುತ್ತದೆ, ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಅಪ್ಪನ ಕಾಲದಲ್ಲೂ ಹೀಗೆಯೇ ಇತ್ತು.

ಯತ್ತಿನಗುಡ್ಡದ ನಿವೃತ್ತ ಮೇಷ್ಟರು · ಜೂನ್ 20, ಸಂಜೆ 6.15

ತಂಗಿ, ನಿಮ್ಮ ತಂದೆಯವರು ಗರಿಕೆಯನ್ನು ನೆಟ್ಟದ್ದು ಬಹಳ ವಿವೇಕದ ಕೆಲಸ. ನರ್ಸರಿಯಲ್ಲಿ ಸಿಗುವ ಮೆಕ್ಸಿಕನ್ ಹುಲ್ಲು ನೋಡಲು ದಟ್ಟ, ಆದರೆ ಗರಿಕೆಯ ಹಾಗೆ ಒಣಗಿ ಎದ್ದು ನಿಲ್ಲುವ ಗಟ್ಟಿತನ ಸುಲಭಕ್ಕೆ ಸಿಗುವುದಿಲ್ಲ. ಗರಿಕೆ ನೆಲದ ಮೇಲೂ ಹಬ್ಬುತ್ತದೆ, ನೆಲದೊಳಗೂ ಹಬ್ಬುತ್ತದೆ. ಬೇಸಿಗೆಯಲ್ಲಿ ಮೇಲಿನದು ಸತ್ತಂತೆ ಕಂಡರೂ ಒಳಗಿನ ಗೆಣ್ಣುಗಳಲ್ಲಿ ಜೀವ ಇರುತ್ತದೆ.

ಕಳೆದ ವರ್ಷ ಆದದ್ದು ಏನೆಂದರೆ, ಹುಲ್ಲಿನ ಎಲೆಯೇ ಅದರ ಅಡುಗೆಮನೆ. ಗೇಣುದ್ದದ ಹುಲ್ಲನ್ನು ಒಂದೇ ಏಟಿಗೆ ಬೋಳಿಸಿದಾಗ ಅಡುಗೆಮನೆ ಪೂರ್ತಿ ಹೋಯಿತು. ಬೇರು ಬೆಳೆಯುವುದನ್ನು ನಿಲ್ಲಿಸಿ, ಕೂಡಿಟ್ಟದ್ದನ್ನು ಖರ್ಚು ಮಾಡಿ ಹೊಸ ಎಲೆ ಹೊರಡಿಸಬೇಕಾಯಿತು. ಆ ಹದಿನೈದು ದಿನ ಬಿಸಿಲು ನೇರ ಮಣ್ಣಿಗೆ ಬಿತ್ತು. ಜೇಕಿಗೆ ಬೇಕಾದದ್ದೇ ಅದು. ಜೇಕು ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ. ಕಾಂಡವನ್ನು ಬೆರಳಲ್ಲಿ ಉರುಳಿಸಿ ನೋಡಿ, ಮೂರು ಮೂಲೆ ಕೈಗೆ ಸಿಗುತ್ತವೆ. ಕೆಳಗೆ ಸರಪಳಿಯಂತೆ ಗಡ್ಡೆಗಳಿರುತ್ತವೆ. ಮೇಲಿನದನ್ನು ಎಷ್ಟು ಕತ್ತರಿಸಿದರೂ ಗಡ್ಡೆ ನಗುತ್ತಾ ಕುಳಿತಿರುತ್ತದೆ.

ಆದ್ದರಿಂದ ಒಂದು ಲೆಕ್ಕ ನೆನಪಿಡಿ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ನಿಮ್ಮ ಗರಿಕೆಯನ್ನು 4 ಸೆಂಟಿಮೀಟರಿಗೆ ಇಟ್ಟುಕೊಳ್ಳುವುದಾದರೆ 6 ಸೆಂಟಿಮೀಟರ್ ಆದಾಗ ಕತ್ತರಿಸಬೇಕು. ಈಗಾಗಲೇ ಉದ್ದ ಬೆಳೆದಿದ್ದರೆ ಒಂದೇ ದಿನ ಇಳಿಸದೆ ವಾರ ಬಿಟ್ಟು ವಾರ, ಎರಡು ಮೂರು ಕಂತಿನಲ್ಲಿ ಇಳಿಸಲಿ.

ಇನ್ನು ಮಣ್ಣು. ಧಾರವಾಡದ ಪಶ್ಚಿಮಕ್ಕೆ ಹೋದಂತೆ ಮಸಾರಿ ಅಂದರೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೋದಂತೆ ಎರೆ ಅಂದರೆ ಕಪ್ಪು ಮಣ್ಣು. ನಿಮ್ಮದು ಎರೆ ಇರಬೇಕು. ಎರೆ ಒದ್ದೆಯಾದಾಗ ಯಂತ್ರ ಓಡಿಸಿದರೆ ಚಕ್ರದ ಅಡಿ ಮಣ್ಣು ಒತ್ತಿ ಇಟ್ಟಿಗೆಯಂತಾಗುತ್ತದೆ. ಮಳೆ ನಿಂತ ಮರುದಿನವೇ ಬರುತ್ತೇನೆ ಎನ್ನುವವನಿಗೆ ಬೇಡ ಎನ್ನಿ. ಅಂಗಾಲಿಗೆ ಮಣ್ಣು ಅಂಟದಿದ್ದರೆ ಮಾತ್ರ ಯಂತ್ರ ಇಳಿಸಬೇಕು. ಇದು ನಮ್ಮ ಹಿರಿಯರು ಕುಂಟೆ ಹೊಡೆಯಲು ಹದ ನೋಡುತ್ತಿದ್ದ ರೀತಿಯೇ, ಬೇರೇನೂ ಅಲ್ಲ.

ಕಳೆನಾಶಕದ ಮಾತು ಬಂದಿದ್ದರಿಂದ ಎಚ್ಚರಿಸುತ್ತೇನೆ. ಯಾವ ಔಷಧಿ ಎಂದು ಹೆಸರು ಕೇಳಿ. ಗ್ಲೈಫೊಸೇಟ್ ಆಗಿದ್ದರೆ ಗೇಟಿನಿಂದಲೇ ಕಳಿಸಿ. ಅದು ಕಳೆಯನ್ನೂ ಗರಿಕೆಯನ್ನೂ ಬೇರೆ ಮಾಡಿ ನೋಡುವುದಿಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಅದನ್ನು ಕೀಟನಿಯಂತ್ರಣ ಪರವಾನಗಿ ಇದ್ದವರು ಮಾತ್ರ ಬಳಸಬೇಕೆಂದು ಆದೇಶವನ್ನೂ ಹೊರಡಿಸಿದೆ. ಜೇಕನ್ನು ಹಸಿ ಮಣ್ಣಿನಲ್ಲಿ ಗಡ್ಡೆ ಸಮೇತ ಕುರ್ಚಿಗಿಯಿಂದ ಎಬ್ಬಿಸುವುದೇ ನಿಮಗೆ ದಾರಿ. ಒಂದು ಮಳೆಗಾಲದಲ್ಲಿ ಮುಗಿಯುವುದಿಲ್ಲ, ಎರಡು ಬೇಕು.

ಮರಾಠಾ ಕಾಲೊನಿ, ಧಾರವಾಡ · ಜೂನ್ 20, ರಾತ್ರಿ 9.30

ಮೇಷ್ಟರು ಹೇಳಿದ್ದೆಲ್ಲ ಸರಿ. ನಾನು ಒಂದೇ ಒಂದು ವಿಷಯ ಸೇರಿಸುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಕತ್ತರಿಸಿದ ಹುಲ್ಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ.

ನಮ್ಮ ಓಣಿಗೆ ಹಾಲು ಹಾಕುವ ಗೌಳಿಯವರ ಮನೆಯಲ್ಲಿ ಎಮ್ಮೆಗಳಿವೆ. ಹಲವು ವರ್ಷ ನಮ್ಮ ಹುಲ್ಲು ಅವರ ಎಮ್ಮೆಗಳಿಗೇ ಹೋಗುತ್ತಿತ್ತು. ಅವರೇ ಬಂದು ಗೋಣಿಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದರು, ಪ್ರತಿಯಾಗಿ ಸಗಣಿ ಗೊಬ್ಬರ ತಂದು ಹಾಕುತ್ತಿದ್ದರು. ಬ್ರಷ್ ಕಟರ್ ಬಂದ ಮೇಲೆ ಒಂದು ದಿನ ಅವರ ಹೆಂಡತಿ ಅಂಗೈಯಲ್ಲಿ ಏನನ್ನೋ ಹಿಡಿದುಕೊಂಡು ಬಂದರು. ನೋಡಿದರೆ ಕಿತ್ತಳೆ ಬಣ್ಣದ ನೈಲಾನ್ ದಾರದ ಚೂರುಗಳು, ಎಂಟೋ ಹತ್ತೋ. ಆ ಯಂತ್ರದ ದಾರ ತಿರುಗುತ್ತಾ ಸವೆದು ತುಂಡಾಗಿ ಹುಲ್ಲಿನಲ್ಲಿ ಬೀಳುತ್ತದೆ. ಎಮ್ಮೆ ಆರಿಸಿ ತಿನ್ನುವ ಪ್ರಾಣಿಯಲ್ಲ. "ಅವ್ವಾ, ಇನ್ನು ನಿಮ್ಮ ಮನೆಯ ಹುಲ್ಲು ಬೇಡ" ಎಂದರು. ನನಗೆ ಅಂದು ಅತ್ತುಬಿಡುವಷ್ಟು ನಾಚಿಕೆಯಾಯಿತು. ಎಷ್ಟು ಚೂರು ಆಗಲೇ ಹೊಟ್ಟೆಗೆ ಹೋಗಿತ್ತೋ ಏನೋ.

ಈಗ ನಮ್ಮಲ್ಲಿ ಬಯಲು ಭಾಗಕ್ಕೆ ಬ್ಲೇಡ್ ಇರುವ ಚಕ್ರದ ಯಂತ್ರ ಮಾತ್ರ. ಅಂಚಿಗೆ ದಾರ ಬಳಸಿದರೆ ಆ ಹುಲ್ಲನ್ನು ಬೇರೆಯಾಗಿಯೇ ಗುಡಿಸಿಸುತ್ತೇನೆ. ಔಷಧಿ ಹೊಡೆದ ಹುಲ್ಲನ್ನಂತೂ ಯಾವ ದನಕ್ಕೂ ಹಾಕಬೇಡಿ. ಒದ್ದೆ ಹುಲ್ಲನ್ನು ರಾತ್ರಿಯಿಡೀ ಗುಡ್ಡೆ ಹಾಕಿಟ್ಟು ಮರುದಿನ ಕೊಡುವುದೂ ತಪ್ಪು. ಒಳಗೆ ಕೈ ಇಟ್ಟರೆ ಬಿಸಿ ತಾಗುತ್ತದೆ, ಬೂಸ್ಟು ಹಿಡಿಯುತ್ತದೆ.

ಯತ್ತಿನಗುಡ್ಡದ ನಿವೃತ್ತ ಮೇಷ್ಟರು · ಜೂನ್ 20, ರಾತ್ರಿ 9.58

ಅಕ್ಕಾವರೆ, ಇದು ನನಗೂ ಹೊಳೆದಿರಲಿಲ್ಲ. ಬಹಳ ಮುಖ್ಯವಾದ ಮಾತು.

ದನಕ್ಕೆ ಹಾಕದಿದ್ದರೆ ಸಣ್ಣ ಚೂರುಗಳನ್ನು ಹುಲ್ಲುಹಾಸಿನ ಮೇಲೆಯೇ ಬಿಡಬಹುದು. ಮೂರರಲ್ಲಿ ಒಂದು ಪಾಲು ಮಾತ್ರ ಕತ್ತರಿಸಿದರೆ ಚೂರುಗಳು ಬೇಗ ಕರಗುತ್ತವೆ, ಹುಲ್ಲಿಗೆ ವರ್ಷಕ್ಕೆ ಬೇಕಾದ ಸಾರಜನಕದಲ್ಲಿ ಕಾಲು ಭಾಗದಷ್ಟನ್ನು ಅವೇ ಮರಳಿ ಕೊಡುತ್ತವೆ. ಬೀಜ ಕಟ್ಟಿದ ಕಳೆ ಇದ್ದರೆ ಮಾತ್ರ ಗುಡಿಸಿ ತೆಗೆಯಬೇಕು. ರಸ್ತೆಬದಿಗೆ, ಗಟಾರಕ್ಕೆ ಸುರಿಯುವುದು, ಸುಡುವುದು ಬೇಡ. ತೋಟದ ಕಸವನ್ನು ನಮ್ಮ ಆವರಣದಲ್ಲೇ ಬೇರೆಯಾಗಿ ಇಟ್ಟುಕೊಳ್ಳಬೇಕೆಂದು ಘನತ್ಯಾಜ್ಯ ನಿಯಮಗಳಲ್ಲೇ ಹೇಳಿದೆ.

ಗೋಕುಲ ರಸ್ತೆಯ ಹುಲ್ಲಿನ ಕೆಲಸದವನು · ಜೂನ್ 21, ಬೆಳಿಗ್ಗೆ 5.50

ಎಲ್ಲರಿಗೂ ನಮಸ್ಕಾರ. ನಾನು ಇದೇ ಕೆಲಸ ಮಾಡುವವನು. ನವಲಗುಂದ ತಾಲ್ಲೂಕಿನ ರೈತರ ಮನೆಯವನು, ಹನ್ನೊಂದು ವರ್ಷದಿಂದ ಹುಬ್ಬಳ್ಳಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದೇನೆ. ಕೆಲಸ ಹಿಡಿಯಲು ಬರೆಯುತ್ತಿಲ್ಲ. ಶ್ರಾವಣ ಮುಗಿಯುವವರೆಗೆ ನನ್ನ ದಿನಗಳು ತುಂಬಿವೆ. ಅಕ್ಕಾವರ ಅಂಗಳದ ಕಥೆ ಓದಿ ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬೋಳಿಸುವುದು ತಪ್ಪು ಎಂದು ನಮಗೂ ಗೊತ್ತಿದೆ. ಆದರೆ ಹತ್ತು ಮನೆಗಳಲ್ಲಿ ಏಳು ಮನೆಯವರು "ಪೂರ್ತಿ ಸಣ್ಣ ಮಾಡು, ಒಂದು ತಿಂಗಳು ನಿನ್ನನ್ನು ಕರೆಯುವ ಹಾಗೆ ಇರಬಾರದು" ಎನ್ನುತ್ತಾರೆ. ನಾಲ್ಕು ಬೆರಳು ಉಳಿಸಿದರೆ "ಏನು ಕತ್ತರಿಸಿದೆ? ಹಾಗೆಯೇ ಇದೆಯಲ್ಲ" ಎಂದು ನೂರು ರೂಪಾಯಿ ಹಿಡಿದುಕೊಳ್ಳುತ್ತಾರೆ. ಹೊಸ ಹುಡುಗರು ಇದನ್ನೇ ಕಲಿತುಬಿಟ್ಟಿದ್ದಾರೆ. ಆದ್ದರಿಂದ ಅಕ್ಕಾವರೆ, ಕೆಲಸ ಶುರುವಾಗುವ ಮೊದಲೇ "ನನಗೆ ಇಷ್ಟು ಎತ್ತರ ಉಳಿಯಬೇಕು" ಎಂದು ಬೆರಳಿಟ್ಟು ತೋರಿಸಿ. ಹೇಳಿದವರ ಮನೆಯಲ್ಲಿ ನಾವು ಸಂತೋಷದಿಂದ ಮಾಡುತ್ತೇವೆ.

ಬಂದವನ ಯಂತ್ರ ನೋಡಿ. ಬ್ರಷ್ ಕಟರ್ ಎನ್ನುವುದು ಬೇಲಿ ಅಂಚಿನ, ಖಾಲಿ ಸೈಟಿನ ಸಾಮಾನು. ಅದಕ್ಕೆ ಚಕ್ರವಿಲ್ಲ, ಎತ್ತರ ನಿಲ್ಲಿಸುವ ಕೀಲಿಯಿಲ್ಲ. ಹಿಡಿದವನ ಕೈ ಸೋತಂತೆ ಹುಲ್ಲು ಏರುಪೇರಾಗುತ್ತದೆ. ಹುಲ್ಲುಹಾಸಿಗೆ ನಾಲ್ಕು ಚಕ್ರದ ಯಂತ್ರವೇ ಬೇಕು. ಪಕ್ಕದ ಕೀಲಿಯಿಂದ ಎತ್ತರ ನಿಲ್ಲಿಸಬಹುದು. "ಇದರಲ್ಲಿ ಎಷ್ಟು ಎತ್ತರಕ್ಕೆ ಇಟ್ಟಿದ್ದೀಯಪ್ಪಾ?" ಎಂದು ಕೇಳಿ. ಗೊತ್ತಿದ್ದವನು ತಕ್ಷಣ ಹೇಳುತ್ತಾನೆ.

ಬ್ಲೇಡಿಗೆ ಯಾವಾಗ ಸಾಣೆ ಹಿಡಿಸಿದೆ ಎಂದೂ ಕೇಳಿ. ಇಪ್ಪತ್ತು ಇಪ್ಪತ್ತೈದು ತಾಸು ಓಡಿದ ಮೇಲೆ ಬ್ಲೇಡ್ ಮೊಂಡಾಗುತ್ತದೆ, ಕಲ್ಲು ತಾಗಿದರೆ ಅದಕ್ಕೂ ಮೊದಲೇ. ಮೊಂಡು ಬ್ಲೇಡ್ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಎರಡು ದಿನ ಬಿಟ್ಟು ತುದಿಗಳು ಬೆಳ್ಳಗೆ, ನಾರು ನಾರಾಗಿ ಕಂಡರೆ ತಿಳಿದುಕೊಳ್ಳಿ. ಕೆಲಸ ಹೇಗಾಗಿದೆ ಎಂದು ಕತ್ತರಿಸಿದ ಸಂಜೆ ಗೊತ್ತಾಗುವುದಿಲ್ಲ, ಮೂರನೆಯ ದಿನ ಗೊತ್ತಾಗುತ್ತದೆ.

ನಮ್ಮ ಯಂತ್ರದಿಂದಲೂ ಕಳೆ ಬರುತ್ತದೆ. ಈ ಮನೆಯ ಜೇಕಿನ ಗಡ್ಡೆ, ಕಾಂಗ್ರೆಸ್ ಕಸದ ಬೀಜ ಯಂತ್ರದ ಹೊಟ್ಟೆಯಲ್ಲಿ ಅಂಟಿಕೊಂಡು ಮುಂದಿನ ಮನೆಗೆ ಹೋಗುತ್ತವೆ. ಒಳಗೆ ಬರುವ ಮೊದಲು ಯಂತ್ರದ ಅಡಿಭಾಗ ಒರೆಸಿಕೊಂಡು ಬಾ ಎಂದು ಹೇಳಲು ಸಂಕೋಚ ಬೇಡ. ಪೆಟ್ರೋಲ್ ತುಂಬುವುದನ್ನೂ ಹುಲ್ಲಿನ ಮೇಲೆ ಬೇಡ ಎನ್ನಿ, ಗೇಟಿನ ಹೊರಗೆ ತುಂಬಲಿ. ಚೆಲ್ಲಿದ ಕಡೆ ಹುಲ್ಲು ಸುಟ್ಟುಹೋಗುತ್ತದೆ.

ನಮ್ಮ ಕಡೆಯಿಂದ ಒಂದು ಬೇಡಿಕೆ. ಮಳೆಗಾಲದಲ್ಲಿ ಉದ್ದ ಹುಲ್ಲಿಗೆ ಕೈ ಹಾಕುವವರು ನಾವು. ನನ್ನ ಜೊತೆಯವನೊಬ್ಬನಿಗೆ ಉಣಕಲ್ ಕಡೆಯ ಒಂದು ಅಂಗಳದಲ್ಲಿ ಕೊಳಕುಮಂಡಲ ಕಚ್ಚಿತು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದ್ದರಿಂದ ಉಳಿದ. ಹಾವು ಕಂಡ ನೆನಪಿದ್ದರೆ ಮೊದಲೇ ಹೇಳಿ. ಆ ಮನೆಯವರಿಗೆ ಗೊತ್ತಿತ್ತು, ಹೇಳಿರಲಿಲ್ಲ.

ವಿದ್ಯಾನಗರದ ಮನೆಮಗಳು · ಜೂನ್ 21, ಬೆಳಿಗ್ಗೆ 7.20

ಅಣ್ಣಾವರೆ, ನಿಮ್ಮ ಬರಹವನ್ನು ಅವ್ವನಿಗೆ ಓದಿ ಹೇಳಿದೆ. ನಿಮ್ಮ ಜೊತೆಯವರು ಹುಷಾರಾಗಿದ್ದಾರೆಯೇ ಎಂದು ಕೇಳಲು ಹೇಳಿದಳು.

ಗೋಕುಲ ರಸ್ತೆಯ ಹುಲ್ಲಿನ ಕೆಲಸದವನು · ಜೂನ್ 21, ರಾತ್ರಿ 8.45

ಹುಷಾರಾಗಿದ್ದಾನೆ ಅಕ್ಕಾವರೆ. ಈಗ ಇಬ್ಬರೂ ಮೊಣಕಾಲಿನವರೆಗಿನ ಗಂಬೂಟು ಹಾಕಿಕೊಳ್ಳದೆ ಇಳಿಯುವುದಿಲ್ಲ. ಅವ್ವನವರಿಗೆ ನಮಸ್ಕಾರ ತಿಳಿಸಿ.

ಹಾವೇರಿ ಬಸವೇಶ್ವರ ನಗರ · ಜೂನ್ 22, ಬೆಳಿಗ್ಗೆ 10.05

ನಿಮ್ಮ ಮಾಲಿ ಅಜ್ಜ ಬಳಸುತ್ತಿದ್ದ ತಳ್ಳುವ ಯಂತ್ರ ಇನ್ನೂ ಇದೆಯೇ ಮೇಡಂ? ಇದ್ದರೆ ಗುಜರಿಗೆ ಹಾಕಬೇಡಿ. ಅದರ ಉರುಳೆಯ ಬ್ಲೇಡುಗಳು ಕೆಳಗಿನ ಪಟ್ಟಿಗೆ ತಾಗುತ್ತಾ ಕತ್ತರಿಯಂತೆ ಕತ್ತರಿಸುತ್ತವೆ. ಗರಿಕೆಗೆ ಅದಕ್ಕಿಂತ ನಯವಾದ ಯಂತ್ರ ಇಲ್ಲ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನಲ್ಲಿ ಎಡ್ವಿನ್ ಬಡಿಂಗ್ ಎನ್ನುವವನು ಇದನ್ನು ಕಂಡುಹಿಡಿದ. ಬಟ್ಟೆ ಗಿರಣಿಯಲ್ಲಿ ಉಣ್ಣೆಯ ಬಟ್ಟೆಯ ಮೇಲೆ ಎದ್ದ ನವಿರನ್ನು ಸವರುವ ಯಂತ್ರ ನೋಡಿ ಅವನಿಗೆ ಈ ಯೋಚನೆ ಬಂತು. ನನ್ನ ತಂದೆ ಗಿರಣಿ ಕಾರ್ಮಿಕರಾಗಿದ್ದರಿಂದ ಈ ಸಂಗತಿ ನನಗೆ ಬಹಳ ಪ್ರೀತಿಯದು.

ನನ್ನ ಅಂಗಳ 300 ಚದರ ಅಡಿ. ಅಷ್ಟಕ್ಕೆ ಯಾರನ್ನೂ ಕರೆಯಬೇಕಿಲ್ಲ, ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ತಳ್ಳುತ್ತೇನೆ. ಆದರೆ ಉದ್ದ ಬೆಳೆಯಲು ಬಿಟ್ಟರೆ ಈ ಯಂತ್ರ ನಡೆಯುವುದಿಲ್ಲ, ಹುಲ್ಲು ಮಲಗಿಬಿಡುತ್ತದೆ. ವಿದ್ಯುತ್ ಯಂತ್ರ ತರುವ ಯೋಚನೆ ಇದ್ದವರು ಒದ್ದೆ ಹುಲ್ಲಿನಲ್ಲಿ ವೈರ್ ಎಳೆಯಬೇಡಿ, ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ತಕ್ಷಣ ಕರೆಂಟ್ ಕಡಿಯುವ ಸ್ವಿಚ್) ಹಾಕಿಸಿಕೊಳ್ಳಿ.

ಅಕ್ಷಯ ಪಾರ್ಕ್ · ಜೂನ್ 22, ಮಧ್ಯಾಹ್ನ 12.30

ಕಲ್ಲು ಸಿಡಿಯುವ ಬಗ್ಗೆ: ಬ್ರಷ್ ಕಟರ್ ನಡೆಯುವಾಗ 15 ಮೀಟರ್ ಒಳಗೆ ಯಾರೂ ಇರಬಾರದು ಎಂದು ಯಂತ್ರದ ಪುಸ್ತಕದಲ್ಲೇ ಬರೆದಿರುತ್ತದೆ. ನಮ್ಮ ಅಂಗಳಗಳು ಅಷ್ಟು ಅಗಲ ಎಲ್ಲಿವೆ? ಹಾಗಾಗಿ ಕಾರು ತೆಗೆಸಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ, ಕಿಟಕಿ ಮುಚ್ಚಿ. ಹಿಂದಿನ ಸಂಜೆ ಒಮ್ಮೆ ಅಂಗಳ ಸುತ್ತಿ ಕಲ್ಲು, ತಂತಿ, ಆಟಿಕೆ ಆರಿಸಿಬಿಡಿ. ಗಾಜು ಒಡೆದರೆ ಯಾರು ಕೊಡುತ್ತಾರೆ ಎಂಬುದನ್ನು ಮೊದಲೇ ವಾಟ್ಸ್ಆಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ವಿದ್ಯಾನಗರದ ಮನೆಮಗಳು · ಜೂನ್ 24, ರಾತ್ರಿ 9.15

ಎಲ್ಲರ ಮಾತನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಮೂವರಿಗೂ ಮತ್ತೆ ಫೋನ್ ಮಾಡಿದೆ.

ವರ್ಷದ ಗುತ್ತಿಗೆಯವರಿಗೆ ಎಷ್ಟು ಸಲ ಬರುತ್ತೀರಿ ಎಂದು ಕೇಳಿದೆ. ತಿಂಗಳಿಗೊಮ್ಮೆ, ಒಟ್ಟು 12 ಸಲ. ಅಂದರೆ ಒಂದು ಸಲಕ್ಕೆ 1,166 ರೂಪಾಯಿಯ ಮೇಲೆ. ಜುಲೈನಲ್ಲಿ ತಿಂಗಳಿಗೊಮ್ಮೆ ಕತ್ತರಿಸಿದರೆ ಪ್ರತಿ ಸಲವೂ ಬೋಳಿಸುವುದೇ ಆಗುತ್ತದೆ. ಕಳೆನಾಶಕದ ಹೆಸರು ಕೇಳಿದ್ದಕ್ಕೆ "ಎಲ್ಲ ಕಳೆಗೂ ಒಂದೇ ಔಷಧಿ ಮೇಡಂ" ಎಂಬ ಉತ್ತರ ಬಂತು. ಅಲ್ಲಿಗೇ ಬಿಟ್ಟೆ.

ತಿಂಗಳಿಗೆ 1,500ರವರು ಸೌಜನ್ಯದಿಂದ ಮಾತನಾಡಿದರು. ಆದರೆ ಮಳೆಗಾಲವಿರಲಿ ಬೇಸಿಗೆಯಿರಲಿ ಎರಡೇ ಸಲ. ನಾನು ಲೆಕ್ಕ ಹಾಕಿದ್ದು ಹೀಗೆ: ಜೂನ್‌ನಿಂದ ಅಕ್ಟೋಬರ್‌ವರೆಗೆ ಹತ್ತು ದಿನಕ್ಕೊಮ್ಮೆ, 15 ಸಲ. ನವೆಂಬರ್‌ನಿಂದ ಮೇವರೆಗೆ ತಿಂಗಳಿಗೊಂದರಂತೆ 7 ಸಲ, ಅದೂ ಹುಲ್ಲು ಬೆಳೆದರೆ. ಒಟ್ಟು 22. ಅವರ ಕ್ರಮದಲ್ಲಿ ಬೇಕಾದಾಗ ಐದು ಸಲ ಕಡಿಮೆ, ಬೇಡದಾಗ ಏಳು ಸಲ ಹೆಚ್ಚು, ವರ್ಷಕ್ಕೆ 18,000. ಸಲಕ್ಕೆ 600ರವರದು 22 ಸಲಕ್ಕೆ 13,200.

ಆ ಸಲಕ್ಕೆ 600ರವರನ್ನು ಇವತ್ತು ಬಂದು ನೋಡಲು ಹೇಳಿದ್ದೆ. ಸಂಜೆ ಬೈಕಿನಲ್ಲಿ ಒಬ್ಬರೇ ಬಂದರು. ಗೇಟಿನ ಬಳಿ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆದರು. ಒಂದು ಕಡೆ ಕುಳಿತು ಬುಡ ಬಿಡಿಸಿ ನೋಡಿ, "ಇದು ನೆಟ್ಟ ಗರಿಕೆ, ತಾನಾಗಿ ಬಂದದ್ದಲ್ಲ, ಸಾಲು ಇನ್ನೂ ಗೊತ್ತಾಗುತ್ತದೆ" ಎಂದರು. ಅವ್ವ ಕಟ್ಟೆಯ ಮೇಲಿಂದ ಎದ್ದು ಬಂದಳು.

ನಾನು ಕೇಳುವ ಮೊದಲೇ ಅವರು ಕೇಳಿದ ಪ್ರಶ್ನೆಗಳು: ಇಲ್ಲಿ ಹಾವು ಕಂಡಿದ್ದೀರಾ? ನೀರಿನ ಪೈಪ್ ಎಲ್ಲಿ ಹೋಗಿದೆ? ಎಷ್ಟು ಎತ್ತರ ಬೇಕು? ಮಾವಿನ ಮರದ ಕೆಳಗಿನ ಬೋಳು ಜಾಗವನ್ನು ತೋರಿಸಿದೆ. ಗರಿಕೆಗೆ ದಿನವಿಡೀ ಬಿಸಿಲು ಬೇಕು, ಅಲ್ಲಿ ಎಷ್ಟು ನೆಟ್ಟರೂ ಬಾರದು, ಎಲೆ ಗುಡಿಸದೆ ಹಾಗೆಯೇ ಹೊದಿಕೆಯಾಗಿ ಬಿಡಿ ಎಂದರು. ಅದರಿಂದ ಅವರಿಗೆ ಕೆಲಸ ಕಡಿಮೆಯಾಯಿತೇ ಹೊರತು ಲಾಭವೇನೂ ಇಲ್ಲ. ಗಾಜು ಒಡೆದರೆ ತಾವೇ ಕೊಡುವುದಾಗಿ ಬರೆದು ಕಳಿಸಿದ್ದಾರೆ. ಮಣ್ಣು ಒದ್ದೆಯಿದ್ದರೆ ದಿನ ಮುಂದೂಡುತ್ತೇನೆ, ಬೇಸರಿಸಬಾರದು ಎಂದು ಅವರೇ ಮೊದಲು ಹೇಳಿದರು. ಜೇಕು ಕೀಳಲು ಅವರ ಮನೆಯವರು ಬರುತ್ತಾರೆ, ಅರ್ಧ ದಿನದ ಕೂಲಿ ಬೇರೆ.

ಗದಗದ ಅಣ್ಣಾವರ ಮಾತನ್ನೂ ಬಿಟ್ಟಿಲ್ಲ. ಗೋಡೆಯ ಪಕ್ಕದ 250 ಚದರ ಅಡಿಯಲ್ಲಿ ಹುಲ್ಲು ಹೇಗೂ ತೆಳ್ಳಗಿದೆ, ಅಲ್ಲಿ ದಾಸವಾಳ ಮತ್ತು ಮಲ್ಲಿಗೆ ಹಾಕುತ್ತೇವೆ.

ಯತ್ತಿನಗುಡ್ಡದ ನಿವೃತ್ತ ಮೇಷ್ಟರು · ಜೂನ್ 24, ರಾತ್ರಿ 9.40

ಚಪ್ಪಲಿ ಬಿಟ್ಟು ನಡೆದರು ಎಂದಿರಲ್ಲ, ಸಾಕು. ಹದ ತಿಳಿಯುವುದು ಅಂಗಾಲಿಗೆ. ಬಿಡಬೇಡಿ ಅವರನ್ನು. ಎರಡನೆಯ ಕತ್ತರಿಕೆಯ ನಂತರ ಮರಳು ಮತ್ತು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಮ ಬೆರೆಸಿ, ಹುಲ್ಲಿನ ತುದಿ ಮುಚ್ಚದಂತೆ ತೆಳ್ಳಗೆ ಹರಡಿ. ಎರೆಯ ಬಿರುಕುಗಳಿಗೆ ಇಳಿಯುತ್ತದೆ.

ವಿದ್ಯಾನಗರದ ಮನೆಮಗಳು · ಆಗಸ್ಟ್ 3, ಬೆಳಿಗ್ಗೆ 7.35

ಕೆಲವರು ಏನಾಯಿತೆಂದು ಕೇಳಿದ್ದೀರಿ. ಇಲ್ಲಿಯವರೆಗೆ ಮೂರು ಸಲ ಕತ್ತರಿಸಿದ್ದಾರೆ. ಒಂದು ಗೇಣು ಇದ್ದದ್ದನ್ನು ಮೊದಲ ಸಲ ಸ್ವಲ್ಪವೇ ಇಳಿಸಿದರು. ನೋಡಲು ಏನೂ ಬದಲಾದಂತೆ ಕಾಣಲಿಲ್ಲ, ನನಗೂ "ಏನು ಕತ್ತರಿಸಿದರು?" ಅನ್ನಿಸಿತು. ಆಗ ಗೋಕುಲ ರಸ್ತೆಯ ಅಣ್ಣಾವರ ಮಾತು ನೆನಪಾಗಿ ಸುಮ್ಮನಾದೆ, ಹಣ ಪೂರ್ತಿ ಕೊಟ್ಟೆ. ಮೂರನೆಯ ಸಲಕ್ಕೆ 4 ಸೆಂಟಿಮೀಟರಿಗೆ ಬಂತು. ತುದಿಗಳು ಬೆಳ್ಳಗಾಗಿಲ್ಲ, ದಿನವೂ ಬಗ್ಗಿ ನೋಡುತ್ತಿದ್ದೇನೆ. ಜೇಕು ಇನ್ನೂ ಇದೆ. ಎರಡು ಬುಟ್ಟಿ ಗಡ್ಡೆ ತೆಗೆದಾಗಿದೆ.

ಜುಲೈನಲ್ಲಿ ಮಳೆ ಹಿಡಿದು ಎರಡು ದಿನಾಂಕ ಮುಂದೆ ಹೋದವು. ಮೂರನೆಯದು ಸರಿಯಾಗಿ ನಾಗರ ಪಂಚಮಿಯ ದಿನ ಬಿತ್ತು. ನಾನು ಹೇಳುವ ಮೊದಲೇ ಫೋನ್ ಮಾಡಿ, ಅಂದು ನೆಲಕ್ಕೆ ಕಬ್ಬಿಣ ತಾಗಿಸುವುದಿಲ್ಲ, ಎರಡು ದಿನ ಬಿಟ್ಟು ಬರುತ್ತೇನೆ ಎಂದರು.

ಮರಾಠಾ ಕಾಲೊನಿಯ ಅಕ್ಕಾವರೆ, ಅಂಚಿನ ಹುಲ್ಲನ್ನು ಬೇರೆಯಾಗಿ ಗುಡಿಸಿ ಮಾವಿನ ಬುಡದ ಗುಂಡಿಗೆ ಹಾಕಿಸುತ್ತಿದ್ದೇನೆ, ದಾರದ ಚೂರು ಸಿಕ್ಕಿದ್ದನ್ನೆಲ್ಲ ಆರಿಸಿ. ಬಯಲಿನಲ್ಲಿ ಕತ್ತರಿಸಿದ ಹುಲ್ಲನ್ನು ಮೇಲೆಯೇ ಬಿಡುತ್ತೇವೆ.

ಇನ್ನೊಂದು. ಈ ತಿಂಗಳ ಕೊನೆಗೆ ಚೌತಿ. ಕಟ್ಟೆಯ ಪಕ್ಕದ ಮೂಲೆಯಲ್ಲಿ ಅವ್ವ ನಾಲ್ಕು ಇಟ್ಟಿಗೆ ಇಟ್ಟಿದ್ದಾಳೆ, ಗಣಪತಿಗೆ ಬೇಕಾದ ಗರಿಕೆ ಅಲ್ಲಿ ಉದ್ದ ಬೆಳೆಯಲೆಂದು. ಕಳೆದ ವರ್ಷ ಅಂಗಳದಲ್ಲಿ ಇಪ್ಪತ್ತೊಂದು ಎಸಳು ಆರಿಸಲು ಸಿಗದೆ ದುರ್ಗದ ಬೈಲಿನಿಂದ ಕೊಂಡು ತಂದಿದ್ದೆವು. ಈ ಸಲ ಯಂತ್ರದವರು ಇಟ್ಟಿಗೆಯ ಸುತ್ತ ಒಂದು ಗೇಣು ಬಿಟ್ಟೇ ತಿರುಗಿಸುತ್ತಾರೆ. ಮುಂದಿನ ಸಲ ಆಗಸ್ಟ್ 10ಕ್ಕೆ, ಮಣ್ಣು ಆರಿದ್ದರೆ.